ಭದ್ರತಾ ತಂತ್ರಾಂಶವು ಎಸ್‌ಎಸ್‌ಡಿಯನ್ನು ತಾನಾಗಿ ಡಿಫ್ರ್ಯಾಗ್ ಮಾಡದಂತೆ ತಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಲಸ ಮಾಡುತ್ತಿದ್ದ ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಹತ್ತು ನಿಮಿಷ ಎದ್ದುಹೋಗಿರುತ್ತೀರಿ. ಮರಳಿ ಬರುವಷ್ಟರಲ್ಲಿ ಡಿಸ್ಕಿನ ಪುಟ್ಟ ದೀಪ ಎಡೆಬಿಡದೆ ಮಿನುಗುತ್ತಿರುತ್ತದೆ. ಮೌಸನ್ನು ಮುಟ್ಟಿದ ಎರಡು ಕ್ಷಣಕ್ಕೆ ಅದು ತಣ್ಣಗಾಗುತ್ತದೆ. ಏನು ನಡೆಯುತ್ತಿತ್ತೆಂದು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಅಲ್ಲಿ ಯಾವ ಸುಳಿವೂ ಉಳಿದಿರುವುದಿಲ್ಲ. ವಿಂಡೋಸ್ ಅಪ್‌ಡೇಟ್, ಹುಡುಕಾಟಕ್ಕೆ ಬೇಕಾದ ಇಂಡೆಕ್ಸ್ ತಯಾರಿ, ವೈರಸ್ ತಪಾಸಣೆ ಹೀಗೆ ಇದಕ್ಕೆ ನಿರುಪದ್ರವಿಯಾದ ಕಾರಣಗಳು ಹಲವಿರಬಹುದು. ಆದರೆ ಆಂಟಿವೈರಸ್ಸಿನ ಜೊತೆಗೆ ಕಂಪ್ಯೂಟರಿನ ವೇಗ ಹೆಚ್ಚಿಸುವ ಸಲಕರಣೆಗಳನ್ನೂ ಕಟ್ಟಿ ಕೊಡುವ ಭದ್ರತಾ ತಂತ್ರಾಂಶ ನಿಮ್ಮಲ್ಲಿದ್ದರೆ, ಅದು ಬಿಡುವಿನ ವೇಳೆ ನೋಡಿಕೊಂಡು ಡಿಸ್ಕನ್ನು ಡಿಫ್ರ್ಯಾಗ್ ಮಾಡುತ್ತಿರುವ, ಅಂದರೆ ಚದುರಿದ ಕಡತಗಳ ತುಂಡುಗಳನ್ನು ಒಟ್ಟಿಗೆ ಜೋಡಿಸುತ್ತಿರುವ ಸಾಧ್ಯತೆಯೂ ಇದೆ. ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಇದು ಉಪಕಾರ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡ್ರೈವ್) ಇರುವಲ್ಲಿ ಹೊಟ್ಟು ಕುಟ್ಟುವ ಕೆಲಸ.

ವಿಂಡೋಸ್ 10 ಮತ್ತು 11ರಲ್ಲಿ ಈ ಕೆಲಸವನ್ನು ಪತ್ತೆಹಚ್ಚಿ ನಿಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ. ನಿಲ್ಲಿಸುವ ಭರದಲ್ಲಿ ಎಸ್‌ಎಸ್‌ಡಿಗೆ ನಿಜವಾಗಿ ಬೇಕಾದ ಟ್ರಿಮ್ ಎಂಬ ಸೇವೆಯನ್ನೂ ಅನೇಕರು ಮುಚ್ಚಿಬಿಡುತ್ತಾರೆ. ಅದರಿಂದಾಗುವ ನಷ್ಟ ಡಿಫ್ರ್ಯಾಗ್‌ನಿಂದ ಆಗುವ ನಷ್ಟಕ್ಕಿಂತ ದೊಡ್ಡದಾದ್ದರಿಂದ, ಏನನ್ನು ಮುಟ್ಟಬಾರದು ಎಂಬುದಕ್ಕೂ ಇಲ್ಲಿ ಅಷ್ಟೇ ಜಾಗ ಕೊಟ್ಟಿದ್ದೇನೆ.

ಡಿಫ್ರ್ಯಾಗ್ ಏಕೆ ಬೇಡ

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಹಿಡಿಯುತ್ತದೆ. ಬೇಕಾದ ಜಾಗ, ದತ್ತಾಂಶ ಓದುವ ಹೆಡ್ಡಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ಡು ಒಂದು ಪಥದಿಂದ ಇನ್ನೊಂದಕ್ಕೆ ಸರಿಯುವ ಕಾಲವನ್ನು ಅದಕ್ಕೆ ಕೂಡಿಸಬೇಕು. ಒಂದು ಕಡತ ನೂರು ತುಂಡಾಗಿ ಚದುರಿದ್ದರೆ ಈ ಕಾಯುವಿಕೆ ನೂರು ಸಲ ಮರುಕಳಿಸುತ್ತದೆ. ತುಂಡುಗಳನ್ನು ಒಟ್ಟುಗೂಡಿಸಿದರೆ ಓದುವ ವೇಗ ಎದ್ದುಕಾಣುವಂತೆ ಹೆಚ್ಚುವುದು ಇದೇ ಕಾರಣಕ್ಕೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಯಾವ ಮೂಲೆಯಲ್ಲಿರುವ ದತ್ತಾಂಶವನ್ನು ಕೇಳಿದರೂ ಅದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಕೈಸೇರುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವಿಂಡೋಸಿಗೆ ಕಾಣುವ ಜಾಗದ ಸಂಖ್ಯೆಗೂ ಚಿಪ್ಪಿನೊಳಗಿನ ನಿಜವಾದ ಜಾಗಕ್ಕೂ ನೇರ ಸಂಬಂಧವೇ ಇರುವುದಿಲ್ಲ. ಡ್ರೈವಿನ ಒಳಗಿರುವ ಕಂಟ್ರೋಲರ್ ತನ್ನದೇ ಆದ ಒಂದು ವಿಳಾಸ ಪಟ್ಟಿಯನ್ನು ಇಟ್ಟುಕೊಂಡು, ಎಲ್ಲ ಕೋಶಗಳೂ ಸಮನಾಗಿ ಸವೆಯುವಂತೆ ದತ್ತಾಂಶವನ್ನು ತನಗೆ ಸರಿಕಂಡ ಕಡೆ ಹಂಚುತ್ತಿರುತ್ತದೆ. ಆದ್ದರಿಂದ ಡಿಫ್ರ್ಯಾಗ್ ತಂತ್ರಾಂಶವು ಕಡತವೊಂದರ ತುಂಡುಗಳನ್ನು ಸಾಲಾಗಿ ಜೋಡಿಸಿದೆನೆಂದು ವರದಿ ಕೊಟ್ಟರೂ ಅವು ಸಾಲಾಗಿ ಕಾಣುವುದು ಆ ವರದಿಯಲ್ಲಷ್ಟೇ. ಚಿಪ್ಪುಗಳಲ್ಲಿ ಅವು ಮತ್ತೊಂದು ಬಗೆಯಲ್ಲಿ ಚದುರಿಕೊಂಡೇ ಇರುತ್ತವೆ.

ಈ ವ್ಯರ್ಥ ಜೋಡಣೆಗೆ ತೆರಬೇಕಾದ ಬೆಲೆ ಎಂದರೆ ಸವಕಳಿ. ಫ್ಲ್ಯಾಶ್ ಸ್ಮೃತಿಯಲ್ಲಿ ಬರೆಯುವುದು ಪುಟಗಳ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳಿರುವ ಬ್ಲಾಕುಗಳ ಲೆಕ್ಕದಲ್ಲಿ. ಪ್ರತಿ ಬ್ಲಾಕನ್ನೂ ಇಂತಿಷ್ಟೇ ಸಲ ಅಳಿಸಿ ಬರೆಯಬಹುದು. ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಸುವ ಟಿಎಲ್‌ಸಿ ಚಿಪ್ಪುಗಳಲ್ಲಿ ಇದು ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ಸಲ. ನಾಲ್ಕು ಬಿಟ್ ಹಿಡಿಸುವ ಕ್ಯೂಎಲ್‌ಸಿಯಲ್ಲಿ ಅದಕ್ಕಿಂತಲೂ ಕಡಿಮೆ.

ಹಾಗೆಂದು ಗಾಬರಿಯಾಗಬೇಕಿಲ್ಲ. ಒಮ್ಮೆ ಡಿಫ್ರ್ಯಾಗ್ ಆದ ಮಾತ್ರಕ್ಕೆ ಎಸ್‌ಎಸ್‌ಡಿ ಕೆಟ್ಟುಹೋಗುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ತಂತ್ರಾಂಶವು ದಿನಕ್ಕೆ 50 ಜಿಬಿಯಷ್ಟನ್ನು ಸ್ಥಳಾಂತರಿಸುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 18 ಟಿಬಿ ಬರೆದಂತಾಗುತ್ತದೆ. ಒಟ್ಟು 300 ಟಿಬಿ ಬರೆಯಬಹುದೆಂಬ ಖಾತರಿಯಿರುವ 500 ಜಿಬಿ ಡ್ರೈವು ಇದೊಂದನ್ನೇ ಹದಿನಾರು ವರ್ಷ ತಾಳೀತು. ಆದರೆ 80 ಟಿಬಿ ಖಾತರಿಯ ಅಗ್ಗದ 240 ಜಿಬಿ ಡ್ರೈವಿನಲ್ಲಿ ಇದೇ ಲೆಕ್ಕ ನಾಲ್ಕೂವರೆ ವರ್ಷದೊಳಗೆ ಮುಗಿದುಹೋಗುತ್ತದೆ. ನಿಮ್ಮ ಸ್ವಂತ ಕೆಲಸದ ಬರವಣಿಗೆಯೆಲ್ಲ ಅದರ ಮೇಲೆ.

ಸವಕಳಿಗಿಂತ ಬೇಗ ಕಣ್ಣಿಗೆ ಬೀಳುವ ತೊಂದರೆಗಳು ಇನ್ನೆರಡಿವೆ, ಅವುಗಳ ಮಾತನ್ನು ಆಡುವವರು ಕಡಿಮೆ. ತೊಂದರೆಯಾದಾಗ ಹಳೆಯ ಸ್ಥಿತಿಗೆ ಮರಳಲು ನೆರವಾಗುವ ವಿಂಡೋಸಿನ ರಿಸ್ಟೋರ್ ಪಾಯಿಂಟುಗಳು ಡಿಸ್ಕಿನ ಬ್ಲಾಕುಗಳಲ್ಲಾದ ಬದಲಾವಣೆಯನ್ನು ಕಾದಿಟ್ಟುಕೊಳ್ಳುವುದರಿಂದ, ಕಡತಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದರೂ ಅವಕ್ಕೆ ಮೀಸಲಾದ ಜಾಗ ತುಂಬಿ ಹಳೆಯ ಪಾಯಿಂಟುಗಳು ಅಳಿದುಹೋಗಬಹುದು. ಹಾಗೆಯೇ ಇಡೀ ಡಿಸ್ಕಿನ ಪ್ರತಿ ತೆಗೆದು, ಆಮೇಲೆ ಬದಲಾದ ಬ್ಲಾಕುಗಳನ್ನಷ್ಟೇ ಸೇರಿಸುತ್ತ ಹೋಗುವ ಬ್ಯಾಕಪ್ ತಂತ್ರಾಂಶ ಬಳಸುವವರಿಗೆ, ಹೊಸದಾಗಿ ಏನೂ ಸೇರದ ವಾರದಲ್ಲೂ ಬ್ಯಾಕಪ್ ಕಡತ ಇದ್ದಕ್ಕಿದ್ದಂತೆ ಊದಿಕೊಂಡಿರುವುದು ಕಾಣುತ್ತದೆ. ಡಿಫ್ರ್ಯಾಗ್ ನಡೆಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಅಪರೂಪ.

ಆಂಟಿವೈರಸ್ಸಿಗೂ ಡಿಫ್ರ್ಯಾಗ್‌ಗೂ ಎಲ್ಲಿಯ ನಂಟು ಎಂದು ಕೇಳಬಹುದು. ಅದು ಹಳೆಯ ನಂಟು. ಡಾಸ್ ಕಾಲದ ನಾರ್ಟನ್ ಯುಟಿಲಿಟೀಸ್ ಕಟ್ಟಿನಲ್ಲಿ ಸ್ಪೀಡ್ ಡಿಸ್ಕ್ ಎಂಬ ಡಿಫ್ರ್ಯಾಗ್ ಸಲಕರಣೆ ಹೆಸರುವಾಸಿಯಾಗಿತ್ತು. 1990ರಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನು, ಮುಂದೆ ನಾರ್ಟನ್ ಆಂಟಿವೈರಸ್ಸಿನಿಂದ ಹೆಸರಾದ ಸಿಮ್ಯಾಂಟೆಕ್ ಕೊಂಡಿತು; 1993ರ ಎಂಎಸ್-ಡಾಸ್ 6ರಲ್ಲಿ ಬಂದ ಡಿಫ್ರ್ಯಾಗ್ ಕೂಡ ಸಿಮ್ಯಾಂಟೆಕ್‌ನಿಂದ ಪರವಾನಗಿ ಪಡೆದದ್ದೇ. ವೈರಸ್ ತಡೆಯುವವರೇ ಡಿಸ್ಕ್ ಓರಣ ಮಾಡುವವರೂ ಆಗಿದ್ದ ಆ ಕಾಲದ ರೂಢಿ, ಡಿಸ್ಕುಗಳು ಬದಲಾದ ಮೇಲೂ ಮೆನುಗಳಲ್ಲಿ ಉಳಿದುಕೊಂಡು ಬಂತು.

ಒಂದನೆಯ ಹಂತ: ನಿಮ್ಮಲ್ಲಿರುವುದು ಯಾವ ಡ್ರೈವ್ ಎಂದು ಖಚಿತಪಡಿಸಿಕೊಳ್ಳಿ

ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರತಿ ಡಿಸ್ಕಿನ ಹೆಸರಿನ ಕೆಳಗೆ ಅದು ಎಸ್‌ಎಸ್‌ಡಿಯೋ ಎಚ್‌ಡಿಡಿಯೋ (ಹಾರ್ಡ್ ಡಿಸ್ಕ್) ಎಂಬುದು ನಮೂದಾಗಿರುತ್ತದೆ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ಡಿಫ್ರ್ಯಾಗ್ ಎಂದು ಹುಡುಕಿ, 'ಡಿಫ್ರ್ಯಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್' ಕಿಟಕಿಯನ್ನು ತೆರೆಯಿರಿ. ಅಲ್ಲಿನ ಮೀಡಿಯಾ ಟೈಪ್ ಅಂಕಣದಲ್ಲಿ 'ಸಾಲಿಡ್ ಸ್ಟೇಟ್ ಡ್ರೈವ್' ಎಂದಿರಬೇಕು. ಎರಡೂ ಕಡೆ ಒಂದೇ ಉತ್ತರ ಬಂದರೆ ವಿಂಡೋಸ್ ನಿಮ್ಮ ಡ್ರೈವನ್ನು ಸರಿಯಾಗಿ ಗುರುತಿಸಿದೆ ಎಂದರ್ಥ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಎಂದು ತಪ್ಪಾಗಿ ತೋರಿಸುತ್ತಿದ್ದರೆ ವಿಂಡೋಸಿನ ಸ್ವಂತ ಸೌಲಭ್ಯವೇ ಅದನ್ನು ಡಿಫ್ರ್ಯಾಗ್ ಮಾಡುತ್ತಿರಬಹುದು. ಅದರ ಪರಿಹಾರ ಮುಂದೆ ಬರುತ್ತದೆ.

ಎರಡು ಡಿಸ್ಕುಗಳಿರುವ ಕಂಪ್ಯೂಟರಿನಲ್ಲಿ ಯಾವ ಅಕ್ಷರದ ಡ್ರೈವ್ ಯಾವ ಡಿಸ್ಕಿನಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕಿಗೆ ಡಿಫ್ರ್ಯಾಗ್ ಇಂದಿಗೂ ಉಪಯುಕ್ತ, ಅದನ್ನು ನಿಲ್ಲಿಸಬೇಕಾಗಿಲ್ಲ.

ಎರಡನೆಯ ಹಂತ: ಟ್ರಿಮ್ ಜೀವಂತವಾಗಿದೆಯೇ ನೋಡಿ

ನೀವು ಕಡತವನ್ನು ಅಳಿಸಿದಾಗ ಆ ಜಾಗ ಖಾಲಿಯಾಯಿತೆಂಬ ವಿಷಯ ಡ್ರೈವಿಗೆ ತಾನಾಗಿ ತಿಳಿಯುವುದಿಲ್ಲ. ಅದನ್ನು ತಿಳಿಸುವ ಆದೇಶವೇ ಟ್ರಿಮ್. 2009ರ ವಿಂಡೋಸ್ 7ರಿಂದ ಈ ವ್ಯವಸ್ಥೆ ಇದೆ. 2012ರ ವಿಂಡೋಸ್ 8ರಿಂದೀಚೆಗೆ, ಅದೇ ಹಳೆಯ ಡಿಫ್ರ್ಯಾಗ್ ಕಿಟಕಿಗೆ ಆಪ್ಟಿಮೈಸ್ ಡ್ರೈವ್ಸ್ ಎಂಬ ಹೆಸರು ಬಂತು. ಅದು ಹಾರ್ಡ್ ಡಿಸ್ಕನ್ನು ಡಿಫ್ರ್ಯಾಗ್ ಮಾಡಿದರೆ, ಎಸ್‌ಎಸ್‌ಡಿಗೆ ಖಾಲಿ ಜಾಗದ ಪಟ್ಟಿಯನ್ನು ಮತ್ತೊಮ್ಮೆ ಒಪ್ಪಿಸುತ್ತದೆ. ಇದಕ್ಕೆ ರೀಟ್ರಿಮ್ ಎಂದು ಹೆಸರು.

ಪರೀಕ್ಷಿಸಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ (fsutil behavior query DisableDeleteNotify) ಎಂಬ ನಾಲ್ಕು ಪದಗಳ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಇದರಲ್ಲಿ ಕೊನೆಯದು ಎಲ್ಲಿಯೂ ಬಿಡಿಸದೆ ಬರೆಯಬೇಕಾದ ಒಂದೇ ಪದ. ಎನ್‌ಟಿಎಫ್‌ಎಸ್ ಸಾಲಿನಲ್ಲಿ 0 ಎಂದು ಬಂದರೆ ಟ್ರಿಮ್ ಚಾಲ್ತಿಯಲ್ಲಿದೆ. ಸೊನ್ನೆ ಎಂದರೆ ಇಲ್ಲವೆಂದಲ್ಲವೇ ಎಂದು ಇಲ್ಲಿ ಬಹಳ ಜನ ಎಡವುತ್ತಾರೆ; ಆದೇಶದ ಹೆಸರಿನಲ್ಲೇ 'ನಿಷ್ಕ್ರಿಯ' ಎಂಬ ಮಾತಿರುವುದರಿಂದ, ಸೊನ್ನೆ ಎಂದರೆ ನಿಷ್ಕ್ರಿಯವಾಗಿಲ್ಲ ಎಂದೇ ಓದಿಕೊಳ್ಳಬೇಕು.

ಮೂರನೆಯ ಹಂತ: ನಡೆಯುತ್ತಿರುವುದನ್ನು ಅಳೆಯಿರಿ

ಯಾವ ಸೆಟ್ಟಿಂಗನ್ನೂ ಬದಲಿಸುವ ಮೊದಲು ಒಂದು ಅಳತೆ ಕೈಯಲ್ಲಿರಲಿ. ಬಿಡುವಿನ ವೇಳೆಯಲ್ಲಿ ನಡೆಯುವ ಕೆಲಸವನ್ನು ಕಣ್ಣಾರೆ ಹಿಡಿಯುವುದು ಕಷ್ಟ, ಏಕೆಂದರೆ ನೋಡಲು ಕುಳಿತ ತಕ್ಷಣ ಬಿಡುವು ಮುಗಿದಿರುತ್ತದೆ. ಆದರೆ ಡ್ರೈವ್ ತನ್ನ ಮೇಲೆ ಒಟ್ಟು ಎಷ್ಟು ಬರೆಯಲಾಗಿದೆ ಎಂಬ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 'ಟೋಟಲ್ ಹೋಸ್ಟ್ ರೈಟ್ಸ್' ಎಂಬಲ್ಲಿ ಅದು ಜಿಬಿಗಳಲ್ಲಿ ಕಾಣುತ್ತದೆ. ಎನ್‌ವಿಎಂಇ (ವೇಗದ ಹೊಸ ಬಗೆಯ ಎಸ್‌ಎಸ್‌ಡಿ) ಡ್ರೈವುಗಳ ಮೂಲ ವರದಿಯಲ್ಲಿ 'ಡೇಟಾ ಯೂನಿಟ್ಸ್ ರಿಟನ್' ಎಂದಿದ್ದರೆ ಅಲ್ಲಿಯ ಒಂದು ಯೂನಿಟ್ ಎಂದರೆ 5,12,000 ಬೈಟ್.

ಸಂಜೆ ಎಲ್ಲ ತಂತ್ರಾಂಶಗಳನ್ನೂ ಮುಚ್ಚಿ, ಕ್ಲೌಡ್ ಸಿಂಕ್ ಮತ್ತು ಡೌನ್‌ಲೋಡ್‌ಗಳನ್ನು ನಿಲ್ಲಿಸಿ, ಕಂಪ್ಯೂಟರ್ ಸ್ಲೀಪ್ ಸ್ಥಿತಿಗೆ ಹೋಗದಂತೆ ಮಾಡಿ, ಈ ಅಂಕಿಯನ್ನು ಬರೆದುಕೊಳ್ಳಿ. ಬೆಳಿಗ್ಗೆ ಮತ್ತೆ ನೋಡಿ. ನನ್ನ ಕೈಗೆ ಬಂದಿದ್ದ ಒಂದು ಲ್ಯಾಪ್‌ಟಾಪಿನಲ್ಲಿ ಸಂಜೆ 6,214 ಇದ್ದದ್ದು ಬೆಳಿಗ್ಗೆ 6,251 ಆಗಿತ್ತು. ಯಾರೂ ಮುಟ್ಟದ ಯಂತ್ರ ಒಂದೇ ರಾತ್ರಿಯಲ್ಲಿ 37 ಜಿಬಿ ಬರೆದುಕೊಂಡಿತ್ತು! ಒಂದು ರಾತ್ರಿಯ ಅಂಕಿಯನ್ನು ಮಾತ್ರ ನಂಬಬೇಡಿ, ಅಂದೇ ವಿಂಡೋಸ್ ಅಪ್‌ಡೇಟ್ ಇಳಿದಿರಬಹುದು. ಎರಡು ಮೂರು ರಾತ್ರಿ ನೋಡಿ.

ಇದರ ಜೊತೆಗೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಅಪ್ಲಿಕೇಶನ್ ಪಟ್ಟಿಯಲ್ಲಿ 258ನೆಯ ಸಂಖ್ಯೆಯ, ಡಿಫ್ರ್ಯಾಗ್ ಮೂಲದ ದಾಖಲೆಗಳನ್ನು ಸೋಸಿ ನೋಡಿ. ವಿಂಡೋಸಿನ ಸ್ವಂತ ಸೌಲಭ್ಯ ಮಾಡಿದ ಕೆಲಸವೆಲ್ಲ ಅಲ್ಲಿ ದಾಖಲಾಗಿರುತ್ತದೆ. 'ರೀಟ್ರಿಮ್' ಎಂದಿದ್ದರೆ ಅದು ಆಗಬೇಕಾದ ಕೆಲಸವೇ. 'ಡಿಫ್ರ್ಯಾಗ್ಮೆಂಟೇಶನ್' ಎಂದು ಸಿ ಡ್ರೈವಿನ ಹೆಸರಿನಲ್ಲಿ ತಿಂಗಳಿಗೊಮ್ಮೆ ಕಂಡರೂ ಭದ್ರತಾ ತಂತ್ರಾಂಶವನ್ನು ದೂರಬೇಡಿ: ಸಿಸ್ಟಂ ರಿಸ್ಟೋರ್ ಚಾಲ್ತಿಯಲ್ಲಿರುವ ಎಸ್‌ಎಸ್‌ಡಿಯನ್ನು, ಕಡತಗಳು ಅತಿಯಾಗಿ ತುಂಡಾಗಿ ಸ್ನ್ಯಾಪ್‌ಶಾಟ್‌ಗಳ (ರಿಸ್ಟೋರ್ ಪಾಯಿಂಟಿಗಾಗಿ ಕಾದಿಟ್ಟ ಪ್ರತಿಗಳ) ವೇಗ ಕುಗ್ಗದಿರಲೆಂದು ವಿಂಡೋಸ್ ಉದ್ದೇಶಪೂರ್ವಕವಾಗಿ ಹಾಗೆ ಆಗೊಮ್ಮೆ ಈಗೊಮ್ಮೆ ಡಿಫ್ರ್ಯಾಗ್ ಮಾಡುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಈ ಪಟ್ಟಿಯಲ್ಲಿ ಏನೂ ಇಲ್ಲದೆ ರಾತ್ರಿಯ ಬರವಣಿಗೆ ಮಾತ್ರ ಏರುತ್ತಿದ್ದರೆ, ತನ್ನದೇ ಡಿಫ್ರ್ಯಾಗ್ ಯಂತ್ರವಿರುವ ಹೊರಗಿನ ತಂತ್ರಾಂಶದ ಮೇಲೆ ಅನುಮಾನ ಬಲವಾಗುತ್ತದೆ.

ನಾಲ್ಕನೆಯ ಹಂತ: ಭದ್ರತಾ ತಂತ್ರಾಂಶದಲ್ಲಿ ನಿಲ್ಲಿಸಿ

ಈ ಸೆಟ್ಟಿಂಗ್ ವೈರಸ್ ರಕ್ಷಣೆಯ ಪುಟಗಳಲ್ಲಿ ಸಿಗುವುದಿಲ್ಲ. ಪರ್ಫಾರ್ಮೆನ್ಸ್, ಟ್ಯೂನ್‌ಅಪ್, ಆಪ್ಟಿಮೈಸೇಶನ್ ಎಂಬಂತಹ ಹೆಸರಿನ ವಿಭಾಗದಲ್ಲಿ ಹುಡುಕಬೇಕು. ಕೆಲವು ಉತ್ಪನ್ನಗಳಲ್ಲಿ ಅದು ಆಡಳಿತ ಸಂಬಂಧಿ ಸೆಟ್ಟಿಂಗ್‌ಗಳ ನಡುವೆ ಅಡಗಿ ಕುಳಿತಿರುತ್ತದೆ. ನಾರ್ಟನ್ನಿನ ಹಳೆಯ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ನ ಅಡ್ಮಿನಿಸ್ಟ್ರೇಟಿವ್ ಸೆಟ್ಟಿಂಗ್ಸ್ ಒಳಗೆ 'ಐಡಲ್ ಟೈಮ್ ಆಪ್ಟಿಮೈಸರ್' ಎಂಬ ಗುಂಡಿ ಇದೆ. ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಿದ ನಂತರ ಕಂಪ್ಯೂಟರ್ ಬಿಡುವಾಗಿದ್ದಾಗ ಬೂಟ್ ಡ್ರೈವನ್ನು ಡಿಫ್ರ್ಯಾಗ್ ಮಾಡುವುದೇ ಅದರ ಕೆಲಸ. ಅದನ್ನು ಆಫ್ ಮಾಡಿ, ಅಪ್ಲೈ ಒತ್ತಿದರೆ ಮುಗಿಯಿತು. ಬೇರೆ ಉತ್ಪನ್ನಗಳಲ್ಲಿ ಹೆಸರು ಬೇರೆಯಿದ್ದರೂ ಹುಡುಕಬೇಕಾದ ಪದಗಳು ಇವೇ: ಐಡಲ್, ಬ್ಯಾಕ್‌ಗ್ರೌಂಡ್, ಆಪ್ಟಿಮೈಸ್, ಡಿಫ್ರ್ಯಾಗ್.

ಒಂದು ಗುಂಡಿ ಆಫ್ ಆದೊಡನೆ ಕೆಲಸ ಆಯಿತೆಂದು ಎದ್ದುಬಿಡಬೇಡಿ, ಅದೇ ಕೆಲಸಕ್ಕೆ ಬೇರೆ ದಾರಿಗಳೂ ಇರುತ್ತವೆ. ವಾರಕ್ಕೋ ತಿಂಗಳಿಗೋ ಒಮ್ಮೆ ನಡೆಯುವ ಸ್ವಯಂಚಾಲಿತ ನಿರ್ವಹಣೆಯ ವೇಳಾಪಟ್ಟಿಯಲ್ಲಿ, ತಾತ್ಕಾಲಿಕ ಕಡತಗಳನ್ನು ಗುಡಿಸುವ ಕೆಲಸದ ಪಕ್ಕದಲ್ಲೇ ಡಿಸ್ಕ್ ಆಪ್ಟಿಮೈಸೇಶನ್ನಿಗೂ ಗುರುತು ಬಿದ್ದಿರಬಹುದು. ಒಂದೇ ಒತ್ತಿಗೆ ಎಲ್ಲವನ್ನೂ ಸರಿಪಡಿಸುವ ದೊಡ್ಡ ಹಸಿರು ಗುಂಡಿಯೊಳಗೂ ಅದು ಸೇರಿರುವುದುಂಟು; ಅದರ ವಿವರ ಪಟ್ಟಿಯನ್ನು ಬಿಡಿಸಿ, ಆ ಒಂದು ಅಂಶದ ಗುರುತನ್ನು ಮಾತ್ರ ತೆಗೆಯಿರಿ. ಡ್ರೈವುಗಳನ್ನು ಬೇರೆಬೇರೆಯಾಗಿ ಆರಿಸಲು ಅವಕಾಶವಿದ್ದರೆ ಎಸ್‌ಎಸ್‌ಡಿಯನ್ನು ಬಿಟ್ಟು ಹಾರ್ಡ್ ಡಿಸ್ಕನ್ನು ಉಳಿಸಿಕೊಳ್ಳಬಹುದು.

ಬಿಡುವೆಂದು ಪರಿಗಣಿಸಲು ಬೇಕಾದ ನಿಮಿಷಗಳನ್ನು ಹೆಚ್ಚಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಡಿಫ್ರ್ಯಾಗ್ ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಜೊತೆಗೆ ಬಿಡುವಿನಲ್ಲೇ ನಡೆಯಬೇಕಾದ ವೈರಸ್ ತಪಾಸಣೆಯೂ ಮುಂದಕ್ಕೆ ಹೋಗುತ್ತದೆ. ಇಡೀ ಡಿಸ್ಕನ್ನು ಜಾಲಾಡುವ ತಪಾಸಣೆಯನ್ನು ಎಸ್‌ಎಸ್‌ಡಿಯ ಹೆಸರು ಹೇಳಿ ನಿಲ್ಲಿಸುವ ಅಗತ್ಯವೂ ಇಲ್ಲ: ಅದು ಓದುವ ಕೆಲಸ, ಸವಕಳಿ ತರುವುದು ಬರೆಯುವ ಕೆಲಸ.

ಗುಂಡಿಯನ್ನು ಆಫ್ ಮಾಡಿದರೂ ಅದು ಮತ್ತೆ ಆನ್ ಆಗುತ್ತಿದ್ದರೆ, ಸೆಟ್ಟಿಂಗ್‌ಗಳನ್ನು ಪಾಸ್‌ವರ್ಡಿನಿಂದ ಕಾಯ್ದಿಡಲಾಗಿದೆಯೇ, ನೀವು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದ್ದೀರಾ ಎಂದು ಮೊದಲು ನೋಡಿ. ಕಚೇರಿಯ ಕಂಪ್ಯೂಟರಾದರೆ ಸೆಟ್ಟಿಂಗ್ ಕೇಂದ್ರ ಸರ್ವರಿನಿಂದ ಇಳಿಯುತ್ತಿರುತ್ತದೆ. ಅದನ್ನು ನಿಮ್ಮ ಯಂತ್ರದಲ್ಲಿ ಎಷ್ಟು ಸಲ ತಿದ್ದಿದರೂ ಪ್ರಯೋಜನವಿಲ್ಲ, ವ್ಯವಸ್ಥಾಪಕರೇ ಮೂಲ ನೀತಿಯನ್ನು ಬದಲಿಸಬೇಕು. ನಿಲ್ಲಿಸುವ ಆಯ್ಕೆಯೇ ಇಲ್ಲದ ಉತ್ಪನ್ನವಾದರೆ, ಅಪ್ಲಿಕೇಶನ್‌ಗಳ ಪಟ್ಟಿಯಲ್ಲಿ ಅದರ ಎದುರಿಗೆ ಮಾಡಿಫೈ ಎಂಬ ಅವಕಾಶವಿದೆಯೇ ನೋಡಿ, ಟ್ಯೂನ್‌ಅಪ್ ಘಟಕವನ್ನಷ್ಟೇ ಕಳಚಿಹಾಕಬಹುದು. ಅದೂ ಆಗದಿದ್ದರೆ ಉತ್ಪನ್ನವನ್ನೇ ಬದಲಿಸುವುದು ಲೇಸು. ಹೊರಗಿನ ಆಂಟಿವೈರಸ್ಸನ್ನು ತೆಗೆದಾಗ ವಿಂಡೋಸಿನ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿ ಚಾಲ್ತಿಗೆ ಬರುತ್ತದೆ, ಅದಕ್ಕೆ ಡಿಫ್ರ್ಯಾಗ್ ಮಾಡುವ ಚಾಳಿಯಿಲ್ಲ.

ಮುಟ್ಟಬಾರದವು

ಸರ್ವಿಸಸ್ ಪಟ್ಟಿಗೆ ಹೋಗಿ 'ಆಪ್ಟಿಮೈಸ್ ಡ್ರೈವ್ಸ್' ಸೇವೆಯನ್ನು ಡಿಸೇಬಲ್ ಮಾಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ರೀಟ್ರಿಮ್ ಕೆಲಸವೂ ಇದೇ ಸೇವೆಯ ಮೂಲಕ ನಡೆಯುವುದರಿಂದ ಅದೂ ಜೊತೆಯಲ್ಲೇ ನಿಂತುಹೋಗುತ್ತದೆ. ಹೊರಗಿನ ತಂತ್ರಾಂಶದ ಡಿಫ್ರ್ಯಾಗ್ ಯಂತ್ರವಾದರೋ ಈ ಸೇವೆಯನ್ನು ನೆಚ್ಚಿಕೊಂಡಿರದಿದ್ದರೆ ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಡಿಫ್ರ್ಯಾಗ್ ಎಂಬ ಫೋಲ್ಡರುಗಳ ಒಳಗಿರುವ 'ಶೆಡ್ಯೂಲ್ಡ್‌ಡಿಫ್ರ್ಯಾಗ್' ಎಂಬ ಕಾರ್ಯಕ್ಕೂ ಇದೇ ಮಾತು: ಹೆಸರು ಕೇಳಿ ಮೋಸಹೋಗಬೇಡಿ. ಅದೇ ಶೆಡ್ಯೂಲರಿನಲ್ಲಿ ನಿಮ್ಮ ಭದ್ರತಾ ತಂತ್ರಾಂಶದ ಹೆಸರಿನ ಫೋಲ್ಡರ್ ಇದ್ದರೆ ಅದರೊಳಗಿನ ಕಾರ್ಯಗಳನ್ನು ಓದಿ ನೋಡಬಹುದು. ಆದರೆ ಅಪ್‌ಡೇಟಿಗೆ ಸಂಬಂಧಿಸಿದ್ದನ್ನು ನಿಲ್ಲಿಸಬೇಡಿ.

ವಿಂಡೋಸಿನ ಕಡೆಯಿಂದ ತಪ್ಪೇ ಆಗುವುದಿಲ್ಲವೆಂದಲ್ಲ. 2020ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಲ್ಲಿ, ಕೊನೆಯ ಸಲ ಆಪ್ಟಿಮೈಸ್ ಮಾಡಿದ ದಿನಾಂಕವನ್ನು ಮರೆತುಬಿಡುವ ದೋಷವಿದ್ದು, ಡ್ರೈವುಗಳು ಬೇಕಾದುದಕ್ಕಿಂತ ಹೆಚ್ಚು ಸಲ ಆಪ್ಟಿಮೈಸ್ ಆಗುತ್ತಿದ್ದವು. ಅದನ್ನು ಅದೇ ವರ್ಷದ ಅಪ್‌ಡೇಟಿನಲ್ಲಿ ಸರಿಪಡಿಸಲಾಯಿತು.

ಐದನೆಯ ಹಂತ: ನಿಂತಿತೇ ಎಂದು ಪರೀಕ್ಷಿಸಿ

ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿ, ಮೂರನೆಯ ಹಂತದ ಅಳತೆಯನ್ನು ಅದೇ ಸ್ಥಿತಿಯಲ್ಲಿ ಮತ್ತೆ ಎರಡು ಮೂರು ರಾತ್ರಿ ತೆಗೆಯಿರಿ. ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಏಕೆಂದರೆ ವಿಂಡೋಸ್ ತನ್ನ ಲಾಗ್‌ಗಳನ್ನೂ ಪೇಜ್ ಕಡತವನ್ನೂ ಬರೆಯುತ್ತಲೇ ಇರುತ್ತದೆ. ಹತ್ತಾರು ಜಿಬಿ ಇದ್ದದ್ದು ಒಂದೆರಡು ಜಿಬಿಗೆ ಬಂದರೆ ತೃಪ್ತಿಪಡಬಹುದು. ಇಳಿಯದಿದ್ದರೆ ರಿಸೋರ್ಸ್ ಮಾನಿಟರಿನ ಡಿಸ್ಕ್ ವಿಭಾಗವನ್ನು ತೆರೆದಿಟ್ಟು, ಬರೆಯುವ ಪ್ರಮಾಣದ ಅಂಕಣವನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಪರದೆ ಆರಿಹೋಗದಂತೆ ಮಾಡಿ ದೂರದಿಂದಲೇ ಗಮನಿಸಿ. ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದೆ ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದಿಟ್ಟರೆ ಇನ್ನೂ ಅನುಕೂಲ. ಮೇಲಿನ ಸಾಲಿನಲ್ಲಿ ಯಾರಿದ್ದಾರೆಂದು ಆಮೇಲೆ ಸಾವಧಾನವಾಗಿ ನೋಡಬಹುದು.

ಭದ್ರತಾ ತಂತ್ರಾಂಶವು ಹೊಸ ಆವೃತ್ತಿಗೆ ಏರಿದಾಗ ಹಳೆಯ ಆಯ್ಕೆಗಳು ಅಳಿದು ಮೂಲ ಸ್ಥಿತಿಗೆ ಮರಳಬಹುದು. ಅದರ ಮುಖಪುಟದ ರೂಪ ಬದಲಾದಂತೆ ಕಂಡ ದಿನ ಈ ಸೆಟ್ಟಿಂಗನ್ನೂ ಒಮ್ಮೆ ತೆರೆದು ನೋಡಿ.

ಡ್ರೈವಿನ ಗುರುತು ತಪ್ಪಿದಾಗ

ಎಸ್‌ಎಸ್‌ಡಿಯನ್ನು ಕೇಳಿದಾಗ ಅದು ತನ್ನ ತಿರುಗುವ ವೇಗದ ಜಾಗದಲ್ಲಿ 1 ಎಂಬ ಸಂಖ್ಯೆಯನ್ನು ಕೊಟ್ಟು, ತಾನು ತಿರುಗುವ ಜಾತಿಯಲ್ಲವೆಂದು ತಿಳಿಸುವುದು ಸಾಟಾ (ಹಳೆಯ ಬಗೆಯ ಜೋಡಣೆಯ) ಡ್ರೈವುಗಳ ವಾಡಿಕೆ. ನಡುವೆ ಯುಎಸ್‌ಬಿ ಪೆಟ್ಟಿಗೆಯೋ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಯ್ಡ್ ಕಂಟ್ರೋಲರೋ ಕುಳಿತಿದ್ದರೆ ಈ ಉತ್ತರ ವಿಂಡೋಸಿಗೆ ತಲುಪದೆ ಹೋಗಬಹುದು. ಆಗ ಅದು ಡ್ರೈವನ್ನು ಹಾರ್ಡ್ ಡಿಸ್ಕ್ ಎಂದೇ ನಡೆಸಿಕೊಳ್ಳುತ್ತದೆ. ಕಂಪ್ಯೂಟರಿನ ಒಳಗಿನ ಡ್ರೈವಿಗೆ ಹೀಗಾಗಿದ್ದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ವಿನ್‌ಸ್ಯಾಟ್ ಫಾರ್ಮಲ್ (winsat formal) ಎಂಬ ಆದೇಶ ಕೊಟ್ಟು ಮರುಮೌಲ್ಯಮಾಪನ ಮಾಡಿಸಿದರೆ ಹಲವೊಮ್ಮೆ ಗುರುತು ಸರಿಯಾಗುತ್ತದೆ. ಆಗದಿದ್ದರೆ, ಅಥವಾ ಅದು ಹೊರಗಿನ ಪೆಟ್ಟಿಗೆಯಲ್ಲಿರುವ ಡ್ರೈವಾದರೆ, ಆಪ್ಟಿಮೈಸ್ ಡ್ರೈವ್ಸ್ ಕಿಟಕಿಯ 'ಚೇಂಜ್ ಸೆಟ್ಟಿಂಗ್ಸ್' ಒಳಗೆ 'ಚೂಸ್' ಒತ್ತಿ, ಆ ಒಂದು ಡ್ರೈವಿನ ಗುರುತನ್ನು ಮಾತ್ರ ತೆಗೆಯಿರಿ. ಸೇವೆಯನ್ನು ಮುಚ್ಚದೆ ಒಂದೇ ಡ್ರೈವನ್ನು ಹೊರಗಿಡುವ ಸರಿಯಾದ ಬಾಗಿಲು ಅದು.

ಕಂಪ್ಯೂಟರಿನೊಳಗೆ ತಂತ್ರಾಂಶದ ಮೂಲಕ ನಡೆಯುವ ಇನ್ನೊಂದು ಕಂಪ್ಯೂಟರ್ ಎನ್ನಬಹುದಾದ ವರ್ಚುವಲ್ ಯಂತ್ರಗಳಲ್ಲಿಯೂ ಇದೇ ಕಥೆ. ಒಳಗಿನ ವಿಂಡೋಸಿಗೆ ಕಾಣುವುದು ಕಾಲ್ಪನಿಕ ಡಿಸ್ಕ್, ಅದು ನಿಜವಾಗಿ ಕುಳಿತಿರುವುದು ಎಸ್‌ಎಸ್‌ಡಿಯ ಮೇಲೆ. ಒಳಗೂ ಒಂದು ಭದ್ರತಾ ತಂತ್ರಾಂಶವಿದ್ದರೆ ಅದರ ಡಿಫ್ರ್ಯಾಗ್ ಆಯ್ಕೆಯನ್ನು ಪ್ರತ್ಯೇಕವಾಗಿ ನಿಲ್ಲಿಸಬೇಕು, ಹೊರಗಿನದರಲ್ಲಿ ಮಾಡಿದ ಬದಲಾವಣೆ ಒಳಗೆ ಅನ್ವಯಿಸುವುದಿಲ್ಲ. ಬೇಕಾದಂತೆ ಬೆಳೆಯುವ ಬಗೆಯ ವರ್ಚುವಲ್ ಡಿಸ್ಕ್ ಕಡತವಾದರೆ, ಒಳಗೆ ಡಿಫ್ರ್ಯಾಗ್ ನಡೆದಷ್ಟೂ ಆ ಕಡತ ಹೊರಗೆ ಹಿಗ್ಗುತ್ತದೆ. ಹಿಗ್ಗಿದ್ದು ತಾನಾಗಿ ಕುಗ್ಗುವುದಿಲ್ಲ. ಮೊದಲು ಒಳಗಿನ ಡಿಫ್ರ್ಯಾಗ್ ನಿಲ್ಲಿಸಿ, ವರ್ಚುವಲ್ ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಆ ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶದಲ್ಲಿರುವ ಕಾಂಪ್ಯಾಕ್ಟ್ ಸೌಲಭ್ಯವನ್ನು ಬಳಸಿ ಕಡತವನ್ನು ಕುಗ್ಗಿಸಬೇಕು.